ಮರ್ರೀ ಊರಿನ ಒಂಟೆ ಅಜ್ಜ: ಮರ್ಹೂಂ ಬೆಜಾ ದರ್ವೇಶ್‌ರ ನೆನಪು

ಒಂಟೆ ಅಂದ ಕೂಡಲೇ ನಮ್ಮ ಮನೆಯ ಮಕ್ಕಳಿಗೆ ನೆನಪಾಗುವುದು ಸೌದಿ, ದುಬೈ. ಅಲ್ಲಿ ದುಡಿಯುವ ಬಾಪ ಕಳಿಸಿದ ಫೋಟೋ ನೋಡಿಯೇ ಹೆಚ್ಚಿನವರು ಒಂಟೆಯ ಗುರುತು ಹಿಡಿದವರು. ಆದರೆ ಒಂದು ಕೊಕ್ಕೆಯ ಇಲ್ಲದೆ, ಒಬ್ಬ ಯಜಮಾನನೂ ಇಲ್ಲದೆ, ಕಾಡಿನಲ್ಲಿ ತಮ್ಮಷ್ಟಕ್ಕೆ ಬದುಕುವ ಒಂಟೆಗಳ ದೊಡ್ಡ ಹಿಂಡುಗಳು ಇಂದು ಇರುವುದು ಅರಬ್ ನಾಡಿನಲ್ಲಿ ಅಲ್ಲ, ಆಸ್ಟ್ರೇಲಿಯಾದಲ್ಲಿ. ಇದನ್ನು ಹೇಳಿದರೆ ಮಕ್ಕಳು ಮಾತ್ರ ಅಲ್ಲ, ದೊಡ್ಡವರೂ 'ಹೌದಾ?' ಅಂತ ಹುಬ್ಬೇರಿಸುತ್ತಾರೆ. ಆ ದೇಶದಲ್ಲಿ ಮೊದಲು ಒಂಟೆಯೇ ಇರಲಿಲ್ಲ. ಹಾಗಾದರೆ ಅವು ಅಲ್ಲಿಗೆ ಹೋದದ್ದು ಹೇಗೆ? ಅವುಗಳನ್ನು ಸಾಕಿದ್ದು ಯಾರು?

ಸಾಕಿದವರು ನಮ್ಮವರೇ. ಬಲೂಚಿಸ್ತಾನ, ಸಿಂಧ್, ಪಂಜಾಬ್, ಪೇಶಾವರ, ಕಾಶ್ಮೀರ, ಅಫ್ಘಾನಿಸ್ತಾನದ ಕಡೆಯ ಮುಸ್ಲಿಮರು. ಕರಾಚಿಯ ಬಂದರಿನಲ್ಲಿ ಒಂಟೆಯ ಜೊತೆಗೇ ಹಡಗು ಹತ್ತಿದವರು. ಅವರಲ್ಲಿ ಒಬ್ಬರು ಬೆಜಾ ದರ್ವೇಶ್. ದಕ್ಷಿಣ ಆಸ್ಟ್ರೇಲಿಯಾದ ಮರ್ರೀ ಎಂಬ ಮರುಭೂಮಿಯ ಊರಿನಲ್ಲಿ ಅರ್ಧ ಶತಮಾನ ಬದುಕಿ, ಅಲ್ಲಿಯವರಿಂದ ಹಿರಿಯರು ಅಂತ ಮರ್ಯಾದೆ ಪಡೆದು, 1957ರಲ್ಲಿ ತೀರಿಕೊಂಡವರು. ಈ ವಾರ ಅವರ ಬದುಕಿನ ಕಥೆಯನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಹಡಗಿನಲ್ಲಿ ಬಂದ ಒಂಟೆ

ಬೆಜಾರ ಕಥೆಗೆ ಮೊದಲು ಅವರು ಹೋದ ದಾರಿ ಹೇಗಿತ್ತು ಅಂತ ತಿಳಿಯಬೇಕು. ಆಸ್ಟ್ರೇಲಿಯಾದ ಅಂಚಿನಲ್ಲಿ ಹಸಿರು ಉಂಟು, ಊರುಗಳು ಉಂಟು. ಒಳಗೆ ಹೋದರೆ ಸಾವಿರಾರು ಕಿಲೋಮೀಟರ್ ಮರಳು, ಕಲ್ಲು, ಒಣ ಪೊದೆ. ಬ್ರಿಟಿಷರು ಅಲ್ಲಿ ಕುದುರೆ, ಎತ್ತಿನ ಗಾಡಿ ಹಿಡಿದು ಹೊರಟು ಸೋತರು. ಕುದುರೆಗೆ ದಿನಾ ನೀರು ಬೇಕು. ಎತ್ತಿಗೆ ಹುಲ್ಲು ಬೇಕು. ಎರಡೂ ಇಲ್ಲದ ನೆಲ ಅದು.

1840ರಲ್ಲಿ ಅಡಿಲೇಡ್ ಬಂದರಿಗೆ ಮೊದಲ ಒಂಟೆ ಬಂತು. ಅದು ಒಂದೇ ಒಂದು. ಲೆಕ್ಕಕ್ಕೆ ಸಿಗುವ ದೊಡ್ಡ ಪ್ರಯತ್ನ ನಡೆದದ್ದು 1860ರಲ್ಲಿ. ಬರ್ಕ್ ಮತ್ತು ವಿಲ್ಸ್ ಎಂಬ ಅನ್ವೇಷಕರ ತಂಡಕ್ಕಾಗಿ ಕರಾಚಿಯಿಂದ 24 ಒಂಟೆಗಳನ್ನು ತರಿಸಿದರು. ಜೊತೆಗೆ ಒಂಟೆ ನೋಡಿಕೊಳ್ಳುವ ಕೆಲವರೂ ಬಂದರು. ಅವರಲ್ಲಿ ದೋಸ್ತ್ ಮುಹಮ್ಮದ್ ಎಂಬವರ ಕಬರ್ ಮೆನಿಂಡೀ ಎಂಬ ಊರಿನ ಹೊರಗೆ ಈಗಲೂ ಉಂಟು. ಆ ತಂಡದ ಇಬ್ಬರು ನಾಯಕರೂ ದಾರಿಯಲ್ಲೇ ಸತ್ತರು. ಆದರೆ ಈ ನೆಲಕ್ಕೆ ಒಂಟೆ ಆಗುತ್ತದೆ ಎಂಬುದು ಜನರಿಗೆ ಮನದಟ್ಟಾಯಿತು.

ಮುಂದಿನ ಹೆಜ್ಜೆ ಇಟ್ಟವರು ಥಾಮಸ್ ಎಲ್ಡರ್ ಎಂಬ ಶ್ರೀಮಂತ ವ್ಯಾಪಾರಿ. 1866ರಲ್ಲಿ ಅವರು ನೂರಿಪ್ಪತ್ತಕ್ಕೂ ಹೆಚ್ಚು ಒಂಟೆ, 31 ಮಂದಿ ಸಾಕುವವರನ್ನು ತರಿಸಿ, ಬೆಲ್ಟಾನಾ ಎಂಬ ತಮ್ಮ ದೊಡ್ಡ ಜಾನುವಾರು ಸಾಕಣೆಯ ಜಾಗದಲ್ಲಿ ಒಂಟೆ ತಳಿ ಬೆಳೆಸಲು ಶುರು ಮಾಡಿದರು. ಮೊದಲ ವರ್ಷಗಳಲ್ಲಿ ಕಜ್ಜಿ ರೋಗ ಬಂದು ಬಹಳ ಒಂಟೆ ಸತ್ತವು. ಉಳಿದವುಗಳನ್ನು ಸಾಕಿ, ಒಳ್ಳೆಯದನ್ನು ಆರಿಸಿ, ಮರಿ ಮಾಡಿಸಿ, ಕೆಲವು ವರ್ಷಗಳಲ್ಲಿ ಬೆಲ್ಟಾನಾದ ಒಂಟೆ ಅಂದರೆ ಗಟ್ಟಿ ಎಂಬ ಹೆಸರು ಬಂತು. ಜಾಗ ಎಲ್ಡರ್‌ರದ್ದು, ಹಣ ಎಲ್ಡರ್‌ರದ್ದು. ಕೈಯ ವಿದ್ಯೆ ಮಾತ್ರ ಹಡಗಿನಲ್ಲಿ ಬಂದವರದ್ದು.

ಅಲ್ಲಿಂದ 1920ರವರೆಗೆ ಸಾವಿರಾರು ಒಂಟೆಗಳು, ಎರಡು ಸಾವಿರಕ್ಕೂ ಹೆಚ್ಚು ಒಂಟೆಯವರು ಆಸ್ಟ್ರೇಲಿಯಾಕ್ಕೆ ಹೋದರು. ಯಾವ ಊರಿನವರಾದರೂ ಬಿಳಿಯರು ಅವರನ್ನು ಒಟ್ಟಿಗೆ 'ಅಫ್ಘಾನ್' ಅಂತ ಕರೆದರು. ಅದು ತುಂಡಾಗಿ 'ಘಾನ್' ಆಯಿತು. ಬಲೂಚಿ ಬೆಜಾ ಕೂಡ ಅವರ ಬಾಯಿಯಲ್ಲಿ ಅಫ್ಘಾನ್.

ಸಿಪಾಯಿಯಿಂದ ಒಂಟೆಯವರಾಗಿ

ಬೆಜಾ ಹುಟ್ಟಿದ್ದು ಬಲೂಚಿಸ್ತಾನದಲ್ಲಿ, ಸುಮಾರು 1862ರಲ್ಲಿ. ಹರೆಯದಲ್ಲಿ ಬ್ರಿಟಿಷ್ ಭಾರತದ ಸೇನೆ ಸೇರಿ ಕಂದಹಾರ್, ಕರಾಚಿ ಕಡೆ ಕೆಲಸ ಮಾಡಿದರು. 1890ರಲ್ಲಿ ಒಂಟೆಗಳ ಜೊತೆ ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ಇಳಿದರು. ಆಗ ಅವರಿಗೆ ಮೂವತ್ತು ಕೂಡ ತುಂಬಿರಲಿಲ್ಲ.

ಈ ಒಂಟೆಯವರಲ್ಲಿ ಹೆಚ್ಚಿನವರು ಹೋಗುತ್ತಿದ್ದದ್ದು ಮೂರು ವರ್ಷದ ಕರಾರಿನ ಮೇಲೆ. ಹೆಂಡತಿ ಮಕ್ಕಳನ್ನು ಕರಕೊಂಡು ಹೋಗುವ ಹಾಗಿಲ್ಲ. ಬಿಳಿಯ ಕೆಲಸಗಾರರಿಗಿಂತ ಸಂಬಳ ಕಡಿಮೆ. ಭಾಷೆ ಬಾರದು. ಬರೆದ ಕಾಗದದಲ್ಲಿ ಏನುಂಟು ಅಂತ ಓದಲು ಗೊತ್ತಿಲ್ಲ. ಮನೆಯಿಂದ ಒಬ್ಬ ಮಗನನ್ನಾದರೂ ಕಡಲಾಚೆ ಕಳಿಸಿದ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳುವುದು ಬೇಡ.

ಬೆಜಾರ ಹೆಸರು ಇತಿಹಾಸದ ಪುಟಕ್ಕೆ ಬಂದದ್ದು 1896ರಲ್ಲಿ. ಆ ವರ್ಷ ಕಾಲ್ವರ್ಟ್ ಎಂಬವರ ಹಣದಲ್ಲಿ ಒಂದು ಅನ್ವೇಷಣಾ ತಂಡ ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟಿತು. ನಾಯಕರು ಲಾರೆನ್ಸ್ ವೆಲ್ಸ್. ತಂಡದಲ್ಲಿ ಏಳು ಮಂದಿ. ಅವರಲ್ಲಿ ಇಬ್ಬರು ಒಂಟೆಯವರು: ಬೆಜಾ ದರ್ವೇಶ್ ಮತ್ತು ಸಯ್ಯಿದ್ ಅಮೀರ್.

ನೀರು ಸಿಗದ ಆ ದಿನಗಳು

ಅಕ್ಟೋಬರ್ ತಿಂಗಳು. ಅಲ್ಲಿ ಅದು ಬೇಸಿಗೆ ಏರುವ ಹೊತ್ತು. ಒಂದು ಬಾವಿಯ ಬಳಿ ತಂಡ ಎರಡಾಯಿತು. ನಾಯಕರ ಸಂಬಂಧಿ ಚಾರ್ಲ್ಸ್ ವೆಲ್ಸ್ ಮತ್ತು ಜೋನ್ಸ್ ಎಂಬ ಹುಡುಗ ಬೇರೆ ದಿಕ್ಕಿನಲ್ಲಿ ನೆಲ ನೋಡಿಕೊಂಡು ಹೋಗುವುದು, ಉಳಿದವರು ನೇರ ಉತ್ತರಕ್ಕೆ ಹೋಗುವುದು, ಎಲ್ಲರೂ ಜೊಆನಾ ಎಂಬ ನೀರಿನ ಸೆಲೆಯ ಬಳಿ ಸೇರುವುದು ಅಂತ ಮಾತಾಯಿತು. ಆ ಬಾವಿಗೆ ಇಂದಿಗೂ 'ಅಗಲಿಕೆಯ ಬಾವಿ' ಎಂಬ ಅರ್ಥದ ಹೆಸರೇ ಉಂಟು.

ದೊಡ್ಡ ತಂಡ ಗೊತ್ತಾದ ಜಾಗಕ್ಕೆ ಬಂದಾಗ ಅಲ್ಲಿ ನೀರಿನ ಸೆಲೆ ಇರಲಿಲ್ಲ. ಹಿಂದಿನವರು ನಕ್ಷೆಯಲ್ಲಿ ಅದನ್ನು ತಪ್ಪಾದ ಕಡೆ ಗುರುತು ಹಾಕಿದ್ದರು. ಸೆಲೆ ಇದ್ದದ್ದು ಎಷ್ಟೋ ಮೈಲಿ ಆಚೆ. ನಕ್ಷೆಯ ಮೇಲೆ ಅದು ಒಂದು ಕೂದಲೆಳೆಯ ತಪ್ಪು. ಮರಳಿನ ಮೇಲೆ ಅದು ಜೀವ ಹೋಗುವ ಅಂತರ.

ಅಲ್ಲಿಂದ ಮುಂದೆ ಸಾಮಾನುಗಳನ್ನು ಮರುಭೂಮಿಯಲ್ಲೇ ಬಿಟ್ಟು, ಹಗಲು ನೆರಳು ಹುಡುಕಿ ಮಲಗಿ, ರಾತ್ರಿ ನಡೆದು, ಫಿಟ್ಜ್‌ರಾಯ್ ನದಿಯ ಕಡೆಗೆ ಹೊರಟರು. ಮರಳಿನ ದಿಬ್ಬಗಳು ಒಂದರ ಹಿಂದೆ ಒಂದು. ಒಂಟೆಗಳು ಹಸಿವು ಬಾಯಾರಿಕೆಯಿಂದ ಬಳಲಿದ್ದವು. ಒಂಟೆ ಬಿದ್ದರೆ ಮನುಷ್ಯನೂ ಬಿದ್ದ ಹಾಗೆ. ಈ ಹೊತ್ತಿನಲ್ಲಿ ಬೆಜಾ ಒಂಟೆಗಳನ್ನು ನೋಡಿಕೊಂಡ ರೀತಿಯನ್ನು ವೆಲ್ಸ್ ಮುಂದೆ ಬಾಯಿ ತುಂಬ ಹೊಗಳಿದರು. ತನ್ನ ಮೈ ಸೋತಾಗಲೂ ಒಂಟೆಯ ಕೆಲಸ ಬಿಡದ ಮನುಷ್ಯ ಅಂತ ಅವರಿಗೆ ಬೆಜಾರ ಮೇಲೆ ಗೌರವ. ನವೆಂಬರ್ ಮೊದಲ ವಾರದಲ್ಲಿ ತಂಡ ನದಿಯ ದಡ ಮುಟ್ಟಿತು.

ಬೇರೆಯಾಗಿ ಹೋದ ಇಬ್ಬರು ಬರಲಿಲ್ಲ. ವೆಲ್ಸ್ ಮತ್ತೆ ಮತ್ತೆ ಮರುಭೂಮಿಗೆ ಹಿಂತಿರುಗಿ ಹುಡುಕಿದರು. ಆ ಹುಡುಕಾಟದಲ್ಲಿ ಬೆಜಾ ಜೊತೆಗಿದ್ದರು. ಪಾರಾಗಿ ಬಂದ ನರಕಕ್ಕೆ ಮತ್ತೆ ಕಾಲಿಡುವುದು ಸಣ್ಣ ಮಾತಲ್ಲ. 1897ರ ಮೇ ತಿಂಗಳಲ್ಲಿ ಇಬ್ಬರ ಶವಗಳು ಸಿಕ್ಕಿದವು. ಬಿಸಿಲಿಗೆ ಒಣಗಿ ಹೋಗಿದ್ದವು. ಅವನ್ನು ಅಡಿಲೇಡಿಗೆ ತಂದು ಗೌರವದಿಂದ ಮಣ್ಣು ಮಾಡಿದರು.

ವೆಲ್ಸ್ ತಮ್ಮ ದಿಕ್ಸೂಚಿಯನ್ನು ಬೆಜಾರಿಗೆ ಕೊಟ್ಟರು. ಮರುಭೂಮಿಯಲ್ಲಿ ದಾರಿ ತೋರಿಸುವ ಆ ವಸ್ತುವನ್ನು ನಾಯಕನಾದವನು ಸುಮ್ಮನೆ ಯಾರಿಗೂ ಕೊಡುವುದಿಲ್ಲ. ಆ ಕಡೆಯ ಒಂದು ಗುಡ್ಡಕ್ಕೆ ಬೆಜಾರ ಹೆಸರನ್ನೂ ಇಟ್ಟರು. ದಿಕ್ಸೂಚಿ ಬೆಜಾರ ಬಳಿ ಮುಪ್ಪಿನವರೆಗೂ ಇತ್ತು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಆ ನೆಲ ಖಾಲಿ ನೆಲ ಆಗಿರಲಿಲ್ಲ. ಸಾವಿರಾರು ವರ್ಷಗಳಿಂದ ಅಲ್ಲಿ ಬದುಕಿದ ಮೂಲನಿವಾಸಿಗಳಿಗೆ ಒಂದೊಂದು ನೀರಿನ ಸೆಲೆಯೂ ಗೊತ್ತಿತ್ತು. ಆ ಕಾಲದ ಅನ್ವೇಷಕರಲ್ಲಿ ಕೆಲವರು ನೀರು ತೋರಿಸಲಿಕ್ಕೆ ಅವರನ್ನು ಬಲವಂತವಾಗಿ ಹಿಡಿದು ಕರಕೊಂಡು ಹೋದದ್ದು ಉಂಟು. ಒಂಟೆಯ ಹಿಂಡು ಬಂದರೆ ಸಣ್ಣ ಸೆಲೆಯ ನೀರು ಒಂದೇ ದಿನದಲ್ಲಿ ಬತ್ತಿ ಹೋಗುವುದೂ ಇತ್ತು. ಹಿರಿಯರನ್ನು ನೆನೆಯುವಾಗ ಅವರ ಕಾಲದ ಅನ್ಯಾಯವನ್ನು ಮುಚ್ಚಿಡುವುದು ಸರಿಯಲ್ಲ.

ರೈಲು ಹಳಿಯ ಆಚೆ ಬದಿ

ಬೆಜಾ ಆಮೇಲೆ ಬಂದು ನೆಲೆಸಿದ್ದು ಮರ್ರೀಯಲ್ಲಿ. ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 680 ಕಿಲೋಮೀಟರ್. ಮೊದಲು ಅದರ ಹೆಸರು ಹರ್ಗಾಟ್ ಸ್ಪ್ರಿಂಗ್ಸ್. 1880ರ ದಶಕದಲ್ಲಿ ರೈಲು ಅಲ್ಲಿಯವರೆಗೆ ಬಂತು. ರೈಲಿನಲ್ಲಿ ಬಂದ ಸರಕನ್ನು ಅಲ್ಲಿಂದ ಒಳನಾಡಿಗೆ ಸಾಗಿಸುವುದು ಒಂಟೆಯವರ ಕೆಲಸ. ಅಲ್ಲಿಂದ ಬರ್ಡ್ಸ್‌ವಿಲ್ ಎಂಬ ಊರಿಗೆ ಐನೂರು ಕಿಲೋಮೀಟರ್ ದಾರಿ. ನಡುವೆ ಮರಳು, ಕಲ್ಲು, ಅಲ್ಲಲ್ಲಿ ಕೊಳವೆ ಬಾವಿ.

ಊರಿನ ನಡುವೆ ರೈಲು ಹಳಿ. ಒಂದು ಬದಿ ಬಿಳಿಯರ ಮನೆ, ಹೋಟೆಲು, ಅಂಗಡಿ. ಇನ್ನೊಂದು ಬದಿ ಒಂಟೆಯವರ ತಗಡಿನ ಮನೆಗಳು ಮತ್ತು ಮೂಲನಿವಾಸಿಗಳು. ಆ ಬದಿಗೆ 'ಘಾನ್ ಟೌನ್' ಅಂತ ಹೆಸರು. ಸರಕು ಬೇಕಾದಾಗ ಹಳಿ ದಾಟಿ ಬರುತ್ತಿದ್ದರು. ಊಟಕ್ಕೆ ಕೂರುವಾಗ ಹಳಿ ಅಡ್ಡ ಬರುತ್ತಿತ್ತು.

ಒಂಟೆಯವರು ಅಲ್ಲಿ ಮಣ್ಣಿನ ಗೋಡೆ, ಮರದ ಕಂಬ, ಹುಲ್ಲಿನ ಮಾಡಿನ ಒಂದು ಮಸೀದಿ ಕಟ್ಟಿದರು. ಮುಂದೆ ವುಳೂ ಮಾಡಲಿಕ್ಕೆ ಒಂದು ಕೊಳ. ನೀರೇ ಇಲ್ಲದ ಊರಿನಲ್ಲಿ ವುಳೂವಿನ ಕೊಳಕ್ಕೆ ನೀರು ತಂದ ಜನರನ್ನು ಯೋಚಿಸಿ ನೋಡಿ! ಆಸ್ಟ್ರೇಲಿಯಾದ ಅತ್ಯಂತ ಹಳೆಯ ಮಸೀದಿಗಳಲ್ಲಿ ಅದು ಒಂದು. 1880ರ ದಶಕದ ಕೊನೆಗೆ ಅಡಿಲೇಡ್ ಪೇಟೆಯಲ್ಲಿ ಕಲ್ಲಿನ ಮಸೀದಿ ಎದ್ದಿತು. 1903ರಲ್ಲಿ ಅದಕ್ಕೆ ಮಿನಾರಗಳು ಬಂದವು. ಅದಕ್ಕೆ ಹಣ ಕೂಡಿಸಿದವರಲ್ಲಿ ಈ ಒಂಟೆಯವರು ಮುಖ್ಯರು. ವಾರಗಟ್ಟಲೆ ಮರುಭೂಮಿಯಲ್ಲಿ ನಡೆದು ದುಡಿದ ಹಣದ ಒಂದು ಪಾಲು ಮಸೀದಿಯ ಗೋಡೆಯಾಯಿತು.

ಒಂಟೆಯ ಕೆಲಸ ಅಂದರೆ

ಒಂಟೆ ಸಾಕುವುದು ಅಂದರೆ ಮೇವು ಹಾಕಿ ಕಟ್ಟಿ ಬಿಡುವುದು ಅಂತ ತಿಳಿದರೆ ತಪ್ಪು. ಬೆಜಾರಂಥವರ ದಿನಚರಿಯನ್ನು ಸ್ವಲ್ಪ ನೋಡುವ.

ಸಂಜೆ ತಂಗಿದ ಕಡೆ ಒಂಟೆಗಳ ಮುಂಗಾಲಿಗೆ ಸಡಿಲ ಹಗ್ಗ ಕಟ್ಟಿ, ಕೊರಳಿಗೆ ಗಂಟೆ ಹಾಕಿ ಮೇಯಲು ಬಿಡಬೇಕು. ಬೆಳಿಗ್ಗೆ ಸುಬಹ್ ನಮಾಝ್ ಮುಗಿಸಿ ಗಂಟೆಯ ಸದ್ದು ಹಿಡಿದು ಹುಡುಕಿ ತರಬೇಕು. ರಾತ್ರಿ ಅವು ಎಷ್ಟೋ ದೂರ ಹೋಗಿರುತ್ತವೆ. ಆಮೇಲೆ ಒಂದೊಂದನ್ನು ಕೂರಿಸಿ ಹೊರೆ ಕಟ್ಟುವುದು. 'ಹೂಶ್ತಾ' ಅಂದರೆ ಒಂಟೆ ಮಂಡಿಯೂರಬೇಕು. ಆ ಮಾತನ್ನು ಬಿಳಿಯರೂ ಕಲಿತರು. ಇವತ್ತಿಗೂ ಅಲ್ಲಿ ಒಂಟೆ ಕೂರಿಸುವವರ ಬಾಯಲ್ಲಿ ಅದೇ ಶಬ್ದ.

ಹೊರೆ ಎರಡೂ ಬದಿ ಸಮ ತೂಗಬೇಕು. ಒಂದು ಬದಿ ಸ್ವಲ್ಪ ಹೆಚ್ಚಾದರೂ ಬೆನ್ನು ಉಜ್ಜಿ ಹುಣ್ಣಾಗುತ್ತದೆ. ಹುಣ್ಣಾದ ಒಂಟೆ ವಾರಗಟ್ಟಲೆ ಕೆಲಸಕ್ಕೆ ಬಾರದು. ಬಲವಾದ ಗಂಡು ಒಂಟೆ ಅರ್ಧ ಟನ್ನಿನವರೆಗೆ ಹೊರುತ್ತಿತ್ತು. ಹಿಟ್ಟಿನ ಮೂಟೆ, ಸಕ್ಕರೆ, ಚಾ ಪುಡಿ, ತಂತಿ, ಕಬ್ಬಿಣದ ತಗಡು ಒಳಗೆ ಹೋಗುತ್ತಿತ್ತು. ಕುರಿಯ ಉಣ್ಣೆಯ ದೊಡ್ಡ ಕಟ್ಟುಗಳು ಹೊರಗೆ ಬರುತ್ತಿದ್ದವು.

ಸಾಲಿನಲ್ಲಿ ಒಂದು ಒಂಟೆಯ ಮೂಗಿನ ದಾರವನ್ನು ಮುಂದಿನದಕ್ಕೆ ಕಟ್ಟುತ್ತಿದ್ದರು. ಮೂಗಿಗೆ ಮರದ ಸಣ್ಣ ಗೂಟ. ಆ ದಾರ ಬೇಕೆಂದೇ ತೆಳ್ಳಗೆ ಇರುತ್ತಿತ್ತು. ಒಂದು ಒಂಟೆ ಎಡವಿದರೆ ದಾರ ತುಂಡಾಗಬೇಕು, ಮೂಗು ಹರಿಯಬಾರದು. ಗಟ್ಟಿ ಹಗ್ಗ ಕಟ್ಟಿದರೆ ಯಜಮಾನನಿಗೆ ಸುಲಭ. ತೆಳ್ಳಗಿನ ದಾರ ಕಟ್ಟಿದರೆ ಪ್ರಾಣಿಗೆ ಸುಲಭ. ಮೂಕ ಪ್ರಾಣಿಗಳ ವಿಷಯದಲ್ಲಿ ಅಲ್ಲಾಹನ ಭಯ ಇರಬೇಕು ಎಂಬ ಪ್ರವಾದಿವರ್ಯರ (ಸ.ಅ.) ತಾಕೀತನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದು ಕೆಲಸದಲ್ಲಿ ಹೇಗೆ ಕಾಣುತ್ತದೆ ಅಂತ ಕೇಳಿದರೆ ಈ ದಾರವನ್ನು ತೋರಿಸಬಹುದು.

ಚಳಿಗಾಲದಲ್ಲಿ ಗಂಡು ಒಂಟೆಗೆ ಮದ ಏರುತ್ತದೆ. ಆಗ ಅದು ಕಚ್ಚಿದರೆ, ಮೈಮೇಲೆ ಕೂತರೆ ಮನುಷ್ಯ ಬದುಕುವುದು ಕಷ್ಟ. ಕೆಲವು ಕಡೆ ವಿಷದ ಗಿಡಗಳು. ಗೊತ್ತಿಲ್ಲದೆ ಮೇಯಲು ಬಿಟ್ಟರೆ ಬೆಳಿಗ್ಗೆ ಒಂಟೆ ಸತ್ತಿರುತ್ತದೆ. ಇದನ್ನೆಲ್ಲ ಯಾವ ಪುಸ್ತಕವೂ ಕಲಿಸಿದ್ದಲ್ಲ. ಮಾಂಸ ತಿನ್ನಬೇಕಾದರೆ ತಾವೇ ಝಬಹ್ ಮಾಡಿ ತಿನ್ನುತ್ತಿದ್ದರು. ಹೊತ್ತು ಆದಾಗ ಸಾಲು ನಿಲ್ಲಿಸಿ ಮರಳಿನ ಮೇಲೆ ನಮಾಝ್ ಮಾಡುತ್ತಿದ್ದರು.

ಈ ಒಂಟೆಯವರಲ್ಲಿ ಕೆಲವರು ಸ್ವಂತ ಹಿಂಡು ಕಟ್ಟಿ ದೊಡ್ಡ ವ್ಯಾಪಾರಿಗಳೂ ಆದರು. ನ್ಯೂ ಸೌತ್ ವೇಲ್ಸ್‌ನ ಬೂರ್ಕ್ ಕಡೆಯ ಅಬ್ದುಲ್ ವೇಡ್ ಎಂಬವರು ನೂರಾರು ಒಂಟೆ ಇಟ್ಟುಕೊಂಡು, ಸ್ವಂತ ಜಾಗ ಕೊಂಡು, ಒಂಟೆ ತಳಿ ಬೆಳೆಸಿದವರು. ಬೆಜಾ ಅಷ್ಟು ಶ್ರೀಮಂತರಾದವರಲ್ಲ. ಮರ್ರೀಯಲ್ಲಿ ಅವರಿಗಿದ್ದ ಆಸ್ತಿ ಎಂದರೆ ಒಂಟೆ, ದಿಕ್ಸೂಚಿ ಮತ್ತು ಒಳ್ಳೆಯ ಹೆಸರು.

ಅಂಗೈಯ ಗುರುತು

ದುಡಿಮೆ ಬೇಕು, ದುಡಿಯುವವನು ಬೇಡ ಎಂಬ ಮಾತು ಹೊಸದಲ್ಲ. 1901ರಲ್ಲಿ ಆಸ್ಟ್ರೇಲಿಯಾ ಒಂದು ದೇಶವಾದ ಕೂಡಲೇ ಬಿಳಿಯರಲ್ಲದವರು ಒಳಗೆ ಬಾರದ ಹಾಗೆ ವಲಸೆ ಕಾನೂನು ಬಂತು. ಅಧಿಕಾರಿ ಆರಿಸಿದ ಯಾವುದಾದರೂ ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಬರೆಯಬೇಕು. ಬರೆಯಲು ಆಗದಿದ್ದರೆ ಹಡಗಿನಲ್ಲೇ ವಾಪಸ್. ಊರಿಗೆ ಹೋಗಿ ತಾಯಿಯ ಮುಖ ನೋಡಿ ಬರುತ್ತೇನೆ ಅಂದರೆ, ಮೊದಲೇ ವಿನಾಯಿತಿಯ ಕಾಗದ ಮಾಡಿಸಬೇಕು. ಆ ಕಾಗದದಲ್ಲಿ ಎದುರಿನ ಫೋಟೋ, ಬದಿಯ ಫೋಟೋ, ಮಸಿ ಹಚ್ಚಿದ ಅಂಗೈಯ ಗುರುತು. ಅಲ್ಲಿನ ದಾಖಲೆ ಭಂಡಾರಗಳಲ್ಲಿ ಆ ಅಂಗೈಗಳು ಇಂದಿಗೂ ಉಂಟು.

1903ರ ಕಾನೂನು ಏಷ್ಯಾದವರಿಗೆ ಪೌರತ್ವದ ಬಾಗಿಲು ಮುಚ್ಚಿತು. 1908ರಲ್ಲಿ ಮುದುಕರಿಗೆ ಪಿಂಚಣಿ ಕೊಡುವ ಕಾನೂನು ಬಂದಾಗ ಏಷ್ಯಾದಲ್ಲಿ ಹುಟ್ಟಿದವರನ್ನು ಹೊರಗಿಟ್ಟರು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಚಿನ್ನದ ಗಣಿಗೆ ನೀರು, ಹಿಟ್ಟು ಹೊತ್ತವರು ಇವರು. ಚಿನ್ನ ಅಗೆಯುವ ಹಕ್ಕು ಮಾತ್ರ ಇವರಿಗೆ ಇರಲಿಲ್ಲ. ದುಡಿಯುವ ಶಕ್ತಿ ಹೋದ ಮೇಲೆ ಎಷ್ಟೋ ಮಂದಿ ಅಡಿಲೇಡ್ ಮಸೀದಿಯ ವಠಾರದ ಸಣ್ಣ ಕೋಣೆಗಳಲ್ಲಿ ಕೊನೆಯ ದಿನ ಕಳೆದರು. ಹರೆಯದಲ್ಲಿ ತಾವೇ ಕಾಸು ಕೊಟ್ಟು ಕಟ್ಟಿಸಿದ ಮಸೀದಿ ಮುಪ್ಪಿನಲ್ಲಿ ಮನೆಯಾಯಿತು.

ಬೆಜಾ ಮರ್ರೀಯಲ್ಲೇ ಉಳಿದರು. 1909ರಲ್ಲಿ ಅಮೇಲಿಯಾ ಶಾ ಎಂಬ ವಿಧವೆಯನ್ನು ಮದುವೆಯಾದರು. ಅವರ ಮಗ ಅಬ್ದುಲ್ ಜಬ್ಬಾರ್. ಊರವರ ಬಾಯಲ್ಲಿ ಜ್ಯಾಕ್. ಒಂದೇ ಮನುಷ್ಯನಿಗೆ ಹಳಿಯ ಎರಡು ಬದಿಯಲ್ಲಿ ಎರಡು ಹೆಸರು.

ಲಾರಿ ಬಂತು, ರೈಲು ಹೋಯಿತು

1920ರ ದಶಕದಲ್ಲಿ ಲಾರಿ ಬಂತು. ಒಂಟೆ ವಾರಗಟ್ಟಲೆ ನಡೆಯುವ ದಾರಿಯನ್ನು ಲಾರಿ ಕೆಲವೇ ದಿನಗಳಲ್ಲಿ ಮುಗಿಸಿತು. 1929ರಲ್ಲಿ ಆಲಿಸ್ ಸ್ಪ್ರಿಂಗ್ಸ್ ತನಕ ರೈಲು ಹೋಯಿತು. ಆ ರೈಲಿಗೆ ಜನ ಇಟ್ಟ ಹೆಸರು 'ದಿ ಘಾನ್'. ಅದನ್ನು ಕಟ್ಟಲು ಹಲಗೆ, ಕಬ್ಬಿಣ ಹೊತ್ತದ್ದೂ ಒಂಟೆಗಳೇ. ತಮ್ಮ ಕೆಲಸ ಕಿತ್ತುಕೊಳ್ಳುವ ರೈಲಿಗೆ ತಾವೇ ಹೊರೆ ಹೊತ್ತು, ಕೊನೆಗೆ ಅದರ ಹೆಸರಾಗಿ ಮಾತ್ರ ಉಳಿದರು.

1925ರಲ್ಲಿ ದಕ್ಷಿಣ ಆಸ್ಟ್ರೇಲಿಯಾ ಸರಕಾರ ಒಂಟೆ ನಾಶದ ಕಾನೂನು ತಂದಿತು. ಅಡ್ಡಾಡುವ ಒಂಟೆಗಳನ್ನು ಗುಂಡಿಕ್ಕಿ ಕೊಲ್ಲುವ ಅಧಿಕಾರ ಸಿಕ್ಕಿತು. ಒಂಟೆಯವರ ಮುಂದೆ ಎರಡು ದಾರಿ. ತಮ್ಮ ಕೈಯಾರೆ ಕೊಲ್ಲುವುದು, ಇಲ್ಲವೇ ಹಗ್ಗ ಬಿಚ್ಚಿ ಮರುಭೂಮಿಗೆ ಬಿಡುವುದು. ಬಹಳ ಮಂದಿ ಹಗ್ಗ ಬಿಚ್ಚಿದರು. ಮರಿಯಿಂದ ಸಾಕಿದ ಪ್ರಾಣಿ ಅದು, ಹೆಸರು ಕರೆದರೆ ತಲೆ ಎತ್ತುವ ಪ್ರಾಣಿ. ಹಾಲು ಕರೆವ ಹಸುವನ್ನು ಮಾರಿದ ದಿನ ನಮ್ಮ ಮನೆಯ ಅಜ್ಜಿಯರು ಊಟ ಬಿಟ್ಟದ್ದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ.

ಹಾಗೆ ಬಿಟ್ಟ ಒಂಟೆಗಳ ಸಂತತಿಯೇ ಇಂದು ಅಲ್ಲಿನ ಕಾಡು ಒಂಟೆ. ಈಗ ಅವು ಲಕ್ಷಗಟ್ಟಲೆ ಆಗಿ, ನೀರಿನ ಸೆಲೆ, ಬೇಲಿ, ಗಿಡ ಹಾಳು ಮಾಡುತ್ತವೆ ಎಂಬ ದೂರು ಉಂಟು. ದೂರಿನಲ್ಲಿ ಸತ್ಯವೂ ಉಂಟು. 2009ರಿಂದ 2013ರವರೆಗೆ ಸರಕಾರದ ಯೋಜನೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಒಂಟೆಗಳನ್ನು ಕಡಿಮೆ ಮಾಡಿದರು. ಒಂದು ಕಾಲದಲ್ಲಿ ದೇಶ ಕಟ್ಟಿದ ಪ್ರಾಣಿ, ಇನ್ನೊಂದು ಕಾಲದಲ್ಲಿ ಲೆಕ್ಕಕ್ಕಿಂತ ಹೆಚ್ಚಾಯಿತು.

ಖರ್ಜೂರದ ಗಿಡ ನೆಟ್ಟ ಅಜ್ಜ

1930ರ ದಶಕದಲ್ಲಿ ಬೆಜಾ ಒಂಟೆಯ ಕೆಲಸ ನಿಲ್ಲಿಸಿದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಸುಮ್ಮನೆ ಕೂರಲಿಲ್ಲ. ಮರ್ರೀಯಲ್ಲಿ ಖರ್ಜೂರದ ಮರ ಬೆಳೆಸಿದರು. ಖರ್ಜೂರ ಇಂದು ನೆಟ್ಟು ನಾಳೆ ಕೊಯ್ಯುವ ಬೆಳೆ ಅಲ್ಲ. ಎಪ್ಪತ್ತರ ಪ್ರಾಯದಲ್ಲಿ ಅದನ್ನು ನೋಡಿಕೊಳ್ಳುವವನು ತನ್ನ ಬಾಯಿಗಾಗಿ ಮಾತ್ರ ನೋಡಿಕೊಳ್ಳುವುದಿಲ್ಲ. ಹಳೆಯ ಘಾನ್ ಟೌನಿನ ಖರ್ಜೂರದ ಮರಗಳು ಆ ಊರಿನ ಗುರುತಾಗಿ ಉಳಿದವು.

ವಿದ್ಯೆ ಮಗನಿಗೆ ಬಂತು. 1939ರಲ್ಲಿ ಸೆಸಿಲ್ ಮ್ಯಾಡಿಗನ್ ಎಂಬ ಭೂವಿಜ್ಞಾನಿ ಸಿಂಪ್ಸನ್ ಮರುಭೂಮಿ ದಾಟಲು ಹೊರಟಾಗ ಒಂಟೆಗಳನ್ನು ನಡೆಸಿದವರು ಜ್ಯಾಕ್ ಬೆಜಾ. ಲಾರಿ, ವಿಮಾನ ಬಂದ ಕಾಲದಲ್ಲೂ ಆ ಮರಳಿನ ದಿಬ್ಬಗಳಿಗೆ ಒಂಟೆಯೇ ಬೇಕಾಯಿತು. ಬಾಪ ನಲವತ್ತಮೂರು ವರ್ಷದ ಹಿಂದೆ ಮಾಡಿದ ಕೆಲಸವನ್ನು ಮಗ ಇನ್ನೊಂದು ಮರುಭೂಮಿಯಲ್ಲಿ ಮಾಡಿದರು.

1954ರಲ್ಲಿ ಬರ್ಡ್ಸ್‌ವಿಲ್ ದಾರಿಯ ಟಪಾಲು ಲಾರಿಯ ಬಗ್ಗೆ 'ದಿ ಬ್ಯಾಕ್ ಆಫ್ ಬಿಯಾಂಡ್' ಎಂಬ ಸಾಕ್ಷ್ಯಚಿತ್ರ ಬಂತು. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ದೊಡ್ಡ ಬಹುಮಾನ ಸಿಕ್ಕಿತು. ಅದರಲ್ಲಿ ತಲೆಗೆ ಪೇಟ ಸುತ್ತಿದ, ಬಿಳಿ ಗಡ್ಡದ ಒಬ್ಬ ಅಜ್ಜ ಕಾಣಿಸುತ್ತಾರೆ. ಅವರೇ ಬೆಜಾ. ತೊಂಬತ್ತು ದಾಟಿದ ಅವರನ್ನು ಅಷ್ಟರಲ್ಲಿ ಆಸ್ಟ್ರೇಲಿಯಾ ತನ್ನ ಇತಿಹಾಸದ ಒಂದು ಭಾಗ ಅಂತ ಒಪ್ಪಿಕೊಂಡಿತ್ತು. ಹಳಿಯ ಆಚೆ ಬದಿಯ ಮನುಷ್ಯ ಊರಿನ ಮುಖವಾಗಿದ್ದರು.

1957ರ ಮೇ ತಿಂಗಳಲ್ಲಿ ಪೋರ್ಟ್ ಆಗಸ್ಟಾದಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಸುಮಾರು ತೊಂಬತ್ತೈದು ವರ್ಷದ ಬದುಕು. ಅದರಲ್ಲಿ ಅರುವತ್ತೇಳು ವರ್ಷ ಪರದೇಶದಲ್ಲಿ.

ಉಳಿದದ್ದೇನು

ಇಂದು ಮರ್ರೀಗೆ ಹೋದರೆ ಹಳೆಯ ಮಸೀದಿಯ ಮಾದರಿಯಲ್ಲಿ ಕಟ್ಟಿದ ಮಣ್ಣಿನ ಮಸೀದಿಯನ್ನು ನೋಡಬಹುದು, ವುಳೂವಿನ ಕೊಳವೂ ಉಂಟು. ವರ್ಷಕ್ಕೊಮ್ಮೆ ಅಲ್ಲಿ ಒಂಟೆ ಓಟ ನಡೆಯುತ್ತದೆ. ಘಾನ್ ರೈಲು ಈಗ ಬೇರೆ ಹಳಿಯಲ್ಲಿ ಓಡುತ್ತದೆ. 2004ರಿಂದ ಅದು ಅಡಿಲೇಡಿನಿಂದ ಡಾರ್ವಿನ್ ತನಕ ಹೋಗುತ್ತದೆ. ಅದರ ಲಾಂಛನದಲ್ಲಿ ಒಂಟೆಯೂ ಅದರ ಯಜಮಾನನೂ ಇದ್ದಾರೆ.

ಹಾಗಂತ ಎಲ್ಲರ ಹೆಸರೂ ಉಳಿದಿಲ್ಲ. ಬೆಜಾರ ಹೆಸರು ಉಳಿದದ್ದು ವೆಲ್ಸ್ ತಮ್ಮ ದಿನಚರಿಯಲ್ಲಿ ಬರೆದ ಕಾರಣಕ್ಕೆ. ಬರೆಯುವವರು ಜೊತೆಗೆ ಇಲ್ಲದೆ ಮರುಭೂಮಿ ದಾಟಿದ ಸಾವಿರಾರು ಮಂದಿಯ ಹೆಸರು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದದ್ದೂ ಕಾಗುಣಿತ ಕೆಟ್ಟು ಹೋಗಿದೆ. ಮುಹಮ್ಮದ್ ಎಂಬ ಹೆಸರನ್ನೇ ಅಲ್ಲಿಯ ದಾಖಲೆಗಳಲ್ಲಿ ಹತ್ತು ಬಗೆಯಲ್ಲಿ ಬರೆದಿದ್ದಾರೆ. ಈಗ ಅವರ ಮೊಮ್ಮಕ್ಕಳು, ಮರಿಮಕ್ಕಳು ಆ ಅಂಗೈ ಗುರುತಿನ ಕಾಗದಗಳನ್ನು ತೆಗೆದು, 'ಇದು ನಮ್ಮ ಅಜ್ಜನಾ?' ಅಂತ ಹುಡುಕುತ್ತಿದ್ದಾರೆ.

ಇಲ್ಲಿಗೆ ಬರುವಾಗ ನಮಗೆ ನಮ್ಮ ಮನೆಗಳ ಯೋಚನೆ ಬರುತ್ತದೆ. ಗೋಣಿ ಹೊತ್ತವರು, ಮೀನು ಹೊತ್ತವರು, ಆಡು ದನ ಸಾಕಿದವರು, ಗಾಡಿ ಹೊಡೆದವರು, ಹಡಗಿನಲ್ಲಿ ಅಡುಗೆ ಮಾಡಿದವರು, ಗಲ್ಫಿನ ಮೊದಲ ಕಾಲದಲ್ಲಿ ಮರಳಿನಲ್ಲಿ ಆಡು ಮೇಯಿಸಿದವರು ನಮ್ಮ ಯಾವ ಮನೆಯಲ್ಲಿ ಇಲ್ಲ ಹೇಳಿ? ಅವರ ಜೊತೆ ದಿನಚರಿ ಬರೆಯುವ ವೆಲ್ಸ್ ಇರಲಿಲ್ಲ. ಅವರ ಹಳೆಯ ಪಾಸ್‌ಪೋರ್ಟ್ ಕಪಾಟಿನ ಮೇಲೆ ಧೂಳು ತಿನ್ನುತ್ತಿದೆ. ಮಾತಾಡುವ ಬಾಯಿ ಮಾತ್ರ ಇನ್ನೂ ಕೆಲವು ಮನೆಗಳ ಜಗಲಿಯಲ್ಲಿ ಉಂಟು.

ಮನೆಯಲ್ಲಿ ಮಕ್ಕಳಿದ್ದರೆ ಈ ಆದಿತ್ಯವಾರ ಒಂದು ಕೆಲಸ ಹೇಳಿ. ಒಂದು ನೋಟ್ ಪುಸ್ತಕ ಹಿಡಿದು ಅಜ್ಜನ ಹತ್ತಿರ ಕೂರಲಿ. ಯಾವ ವರ್ಷ ಹೋದದ್ದು, ಯಾವ ಹಡಗು, ಮೊದಲ ಸಂಬಳ ಎಷ್ಟು, ಯಾವ ಪ್ರಾಣಿಯನ್ನು ಏನು ಹೆಸರಿಟ್ಟು ಕರೆಯುತ್ತಿದ್ದರು ಅಂತ ಕೇಳಿ ಬರೆದುಕೊಳ್ಳಲಿ. ಹೆಸರನ್ನು ಅಜ್ಜ ಹೇಳಿದ ಹಾಗೆಯೇ ಬರೆಯಲಿ.

ಬೆಜಾ ದರ್ವೇಶ್‌ರಿಗೆ ಮತ್ತು ಹೆಸರು ಉಳಿಯದೆ ಹೋದ ಅವರ ಜೊತೆಗಾರರಿಗೆ ಅಲ್ಲಾಹನು ಮಗ್ಫಿರತ್ ನೀಡಲಿ, ಅವರ ಕಬರನ್ನು ವಿಶಾಲಗೊಳಿಸಲಿ. ಆಮೀನ್.